ಕಣ್ಣು ಕಾಣದವರು ಬೆಂಗಳೂರಲ್ಲಿ ಒಬ್ಬರೇ ಓಡಾಡೋದು ಹೇಗೆ

ನನಗೆ ದೃಷ್ಟಿ ಇಲ್ಲ, ದಿನಾ ಬಸ್ಸು ಮೆಟ್ರೋ ಹಿಡಿದು ಒಬ್ಬನೇ ಕೆಲಸಕ್ಕೆ ಹೋಗಿ ಬರ್ತೀನಿ. ಹೊಸದಾಗಿ ಒಬ್ಬರೇ ಹೊರಡೋಕೆ ಧೈರ್ಯ ಮಾಡ್ತಿರೋರಿಗೆ ಇದನ್ನ ಬರೀತಿದೀನಿ.

ಮೊದಲು ಬಿಳಿ ಕೋಲು. ನೆಟ್ಟಗೆ ನಿಂತಾಗ ಎದೆ ಮಟ್ಟಕ್ಕಾದ್ರೂ ಬರಬೇಕು, ಗಿಡ್ಡ ಕೋಲಾದ್ರೆ ಗುಂಡಿ ಗೊತ್ತಾಗೋ ಹೊತ್ತಿಗೆ ಕಾಲು ಒಳಗಿರುತ್ತೆ. ಕೈ ಹೊಟ್ಟೆ ಮುಂದೆ ನಡುವಿಗೆ ಇಟ್ಕೊಂಡು ಬರೀ ಮಣಿಕಟ್ಟು ಆಡಿಸಿ, ನಿಮ್ಮ ಭುಜದಷ್ಟು ಅಗಲ ಸಾಕು. ಬಲಗಾಲು ಮುಂದಿಡುವಾಗ ತುದಿ ಎಡಕ್ಕೆ ತಾಗಲಿ, ಎಡಗಾಲಿಗೆ ಬಲಕ್ಕೆ, ಆಗ ಮುಂದಿನ ಹೆಜ್ಜೆ ಬೀಳೋ ಜಾಗನ ಕೋಲು ಆಗಲೇ ಮುಟ್ಟಿ ನೋಡಿರುತ್ತೆ. ಸದ್ದು ಕೇಳಿಸ್ಕೊಳ್ಳಿ. ಗಟ್ಟಿ ನೆಲ ಟಕ್ ಅನ್ನುತ್ತೆ, ಕೆಳಗೆ ಚರಂಡಿ ಇರೋ ಚಪ್ಪಡಿ ಡಬ್ ಅಂತ ಪೊಳ್ಳು ಪೊಳ್ಳಾಗಿ ಕೇಳುತ್ತೆ, ಅಲ್ಲಿ ನಿಧಾನ ಮಾಡಿ, ಮುಂದಿನ ಚಪ್ಪಡಿ ಇಲ್ಲದೇ ಇರಬಹುದು.

ಸೊಂಟದ ಮೇಲಿರೋದು ಕೋಲಿಗೆ ಸಿಗಲ್ಲ. ಬಗ್ಗಿದ ಕೊಂಬೆ ಬಡಿದು ನನ್ನ ಹಣೆಗೆ ಮೂರು ಹೊಲಿಗೆ ಬಿದ್ದಿದೆ, ಅವತ್ತಿಂದ ಟೋಪಿ ಹಾಕದೆ ಹೊರಡಲ್ಲ. ಐಐಟಿ ದೆಹಲಿಯವರು ಮಾಡಿದ ಸ್ಮಾರ್ಟ್‌ಕೇನ್ 2014ರಲ್ಲಿ ಬಂತು, ಕೋಲಿನ ಹಿಡಿಗೆ ಹಾಕೋದು, ಮೊಣಕಾಲಿಂದ ತಲೆವರೆಗೆ ಏನಾದ್ರೂ ಅಡ್ಡ ಬಂದ್ರೆ ಕೈಯಲ್ಲಿ ನಡುಗಿ ತಿಳಿಸುತ್ತೆ.

ಬಸ್ ಸ್ಟಾಪಲ್ಲಿ "ಇದು 500ಡಿನಾ?" ಅಂತ ಕೇಳಬೇಡಿ, ಎಷ್ಟೋ ಜನ ಸುಮ್ನೆ ಹೂಂ ಅಂದ್ಬಿಡ್ತಾರೆ. "ಅಣ್ಣ, ಈಗ ಬಂದಿದ್ದು ಎಷ್ಟನೇ ನಂಬರು?" ಅಂತ ಕೇಳಿದ್ರೆ ಅವರು ಬೋರ್ಡ್ ನೋಡಲೇಬೇಕು. ಮೈಸೂರಿನ ಸಿಟಿ ಬಸ್‌ಗಳಲ್ಲಿ ಧ್ವನಿ ಸ್ಪಂದನ ಅಂತ ಶುರುವಾಯ್ತು, ಕೈಲಿರೋ ಡಿವೈಸಿನ ಬಟನ್ ಒತ್ತಿದ್ರೆ ಬಸ್ಸೇ ತನ್ನ ನಂಬರ್ ಕೂಗುತ್ತೆ. ಇಂಥದ್ದು ರಾಜ್ಯದ ಪ್ರತಿ ಬಸ್ಸಿಗೂ ಬೇಕು, ಯಾರನ್ನೂ ಕೇಳದೆ ಹತ್ತೋ ಸುಖಾನೇ ಬೇರೆ.

ಸಹಾಯಕ್ಕೆ ಬಂದೋರು ಪಾಪ ಒಳ್ಳೇ ಮನಸ್ಸಿಂದಲೇ ಕೈಯೋ ಕೋಲೋ ಹಿಡಿದು ಎಳೀತಾರೆ. ಬೇಜಾರ್ ಮಾಡ್ಕೋಬೇಡಿ, ಆದ್ರೆ ಬಿಡಿಸ್ಕೊಳ್ಳಿ, "ನಾನೇ ನಿಮ್ಮ ಮೊಣಕೈ ಹಿಡ್ಕೋತೀನಿ, ನೀವು ಮುಂದೆ ನಡೀರಿ" ಅನ್ನಿ. ಹಾಗೆ ಹಿಡ್ಕೊಂಡ್ರೆ ಅವರು ಮೆಟ್ಟಿಲು ಇಳಿಯೋದು, ತಿರುಗೋದು ಎಲ್ಲಾ ನಿಮ್ಮ ಕೈಗೆ ಮೊದಲೇ ಗೊತ್ತಾಗುತ್ತೆ.

ಮೆಟ್ರೋ ಬಸ್ಸಿಗಿಂತ ಸುಲಭ. ಹಳದಿ ಟೈಲ್ಸಲ್ಲಿ ಉದ್ದ ಗೆರೆ ಅಂದ್ರೆ ನಡೀರಿ, ಉಬ್ಬು ಚುಕ್ಕೆ ಅಂದ್ರೆ ನಿಲ್ಲಿ, ಮುಂದೆ ತಿರುವೋ ಮೆಟ್ಟಿಲೋ ಪ್ಲಾಟ್‌ಫಾರ್ಮ್ ಅಂಚೋ ಇದೆ ಅಂತ. ಫೋನಲ್ಲಿ ಮ್ಯಾಪ್ ಹಾಕ್ಕೊಂಡ್ರೆ ಇಯರ್‌ಫೋನ್ ಒಂದೇ ಕಿವಿಗೆ, ಇನ್ನೊಂದು ಕಿವಿ ರಸ್ತೆಗೆ ಬಿಡಿ.

ಹೊಸ ಸ್ಟಾಪಲ್ಲಿ ಇಳಿದ ತಕ್ಷಣ ಹೊರಡಬೇಡಿ. ಬಸ್ಸಿಂದ ನಾಲ್ಕು ಹೆಜ್ಜೆ ದೂರ ಸರಿದು ನಿಂತು ಅದು ಹೊರಡೋದನ್ನ ಕೇಳಿ, ಸದ್ದು ಯಾವ ಕಡೆಗೆ ಹೋಯ್ತೋ ರಸ್ತೆ ಆ ಕಡೆಗೆ, ಈಗ ಎಡ ಯಾವುದು ಬಲ ಯಾವುದು ಅಂತ ಲೆಕ್ಕ ಹಾಕಿ ಕೋಲು ಮುಂದೆ ಚಾಚಿ.