ನೆಟೆ ರೋಗಕ್ಕೆ ಎಷ್ಟು ದುಡ್ಡು, ಕಾಯಿಕೊರಕಕ್ಕೆ ಎಷ್ಟು? ಸಂಶೋಧನೆಯ ಆದ್ಯತೆ ಪಟ್ಟಿ ಮಾಡಿದ ನನ್ನ ಅನುಭವ

ಕೃಷಿ ಸಂಶೋಧನೆಗೆ ದುಡ್ಡು ಯಾವತ್ತೂ ಸಾಲದು. ಯಾವ ಬೆಳೆಗೆ, ಯಾವ ರೋಗಕ್ಕೆ ಎಷ್ಟು ಅಂತ ಯಾರಾದರೂ ಕೂತು ತೀರ್ಮಾನ ಮಾಡಲೇಬೇಕು. ಒಣಭೂಮಿ ಬೆಳೆಗಳ ಮೇಲೆ ಕೆಲಸ ಮಾಡುವ ಅಂತರರಾಷ್ಟ್ರೀಯ ಕೇಂದ್ರವೊಂದರಲ್ಲಿ ಕೃಷಿ ಅರ್ಥಶಾಸ್ತ್ರಜ್ಞೆಯಾಗಿ ಹಲವು ವರ್ಷ ನಾನು ಮಾಡಿದ್ದು ಇದೇ ಕೆಲಸ. ನಮ್ಮ ಪಟ್ಟಿಯಲ್ಲಿ ಏನು ಮೇಲೆ ಹೋಗುತ್ತೆ, ಏನು ಕೆಳಗೆ ಬೀಳುತ್ತೆ ಅನ್ನೋದರ ಮೇಲೆ ಕಲಬುರಗಿಯ ರೈತನಿಗೂ ಮಲಾವಿಯ ರೈತನಿಗೂ ಮುಂದೆ ಯಾವ ಬೀಜ ಸಿಗುತ್ತೆ ಅನ್ನೋದು ನಿಂತಿರುತ್ತದೆ.

ಫಿಲಿಪೀನ್ಸ್‌ನ ಭತ್ತದ ಕೇಂದ್ರ ಶುರುವಾಗಿದ್ದು 1960ರಲ್ಲಿ, ಮೆಕ್ಸಿಕೋದ ಗೋಧಿ ಮತ್ತು ಮೆಕ್ಕೆಜೋಳದ ಕೇಂದ್ರ 1966ರಲ್ಲಿ. ಇಂಥ ಕೇಂದ್ರಗಳಿಗೆ ದುಡ್ಡು ಕೊಡುವವರೆಲ್ಲ ಸೇರಿ 1971ರಲ್ಲಿ ಸಿಜಿಐಎಆರ್ ಅನ್ನೋ ಒಕ್ಕೂಟ ಕಟ್ಟಿದರು. ಮರುವರ್ಷ ಹೈದರಾಬಾದ್ ಪಕ್ಕದ ಪಟಾನ್‌ಚೆರುವಿನಲ್ಲಿ ಒಣಭೂಮಿ ಬೆಳೆಗಳ ಕೇಂದ್ರ ಇಕ್ರಿಸ್ಯಾಟ್ ಬಂತು. ಜೋಳ, ಸಜ್ಜೆ, ಕಡಲೆ, ತೊಗರಿ ಅದರ ಪಾಲಿಗೆ ಬಂದವು, ಆಮೇಲೆ ಶೇಂಗಾನೂ ಸೇರಿತು.

ದುಡ್ಡು ಹಂಚಲು ತುಂಬ ಸುಲಭದ ದಾರಿ ಒಂದಿದೆ. ಯಾವ ಬೆಳೆಯ ಒಟ್ಟು ಬೆಲೆ ಎಷ್ಟೋ, ಅದೇ ಪ್ರಮಾಣದಲ್ಲಿ ದುಡ್ಡು ಕೊಟ್ಟುಬಿಡೋದು. ಹಾಗೆ ಮಾಡಿದರೆ ಪ್ರತಿ ಸಲ ಭತ್ತ, ಗೋಧಿ ಗೆಲ್ಲುತ್ತವೆ. ರಾಗಿ, ಸಜ್ಜೆ ತಿನ್ನುವವರು ಸಾಲಿನ ಕೊನೆಯಲ್ಲೇ ಉಳಿಯುತ್ತಾರೆ. ಅಲ್ಲದೆ ಬೆಳೆ ದೊಡ್ಡದು ಅಂದ ಮಾತ್ರಕ್ಕೆ ಸಂಶೋಧನೆಯಿಂದ ಅದರ ಸಮಸ್ಯೆ ಬಗೆಹರಿಯುತ್ತೆ ಅಂತ ಏನೂ ಇಲ್ಲವಲ್ಲ. ನಾವು ಈ ಲೆಕ್ಕವನ್ನು ಮೊದಲ ಅಂದಾಜಿಗೆ ಮಾತ್ರ ಇಟ್ಟುಕೊಂಡೆವು.

ಆಮೇಲೆ ಬೆಳೆ ಬಿಟ್ಟು ಒಂದೊಂದು ಸಮಸ್ಯೆಯನ್ನೇ ಹಿಡಿದೆವು. ಪ್ರತಿ ಸಮಸ್ಯೆಗೂ ಒಂದು ಹಾಳೆ. ವರ್ಷಕ್ಕೆ ಎಷ್ಟು ನಷ್ಟ? ಅದರಲ್ಲಿ ಸಂಶೋಧನೆಯಿಂದ ಎಷ್ಟು ತಪ್ಪಿಸಬಹುದು? ಗೆಲ್ಲುವ ಸಾಧ್ಯತೆ ಎಷ್ಟು? ಎಷ್ಟು ವರ್ಷ ಬೇಕು? ಕೊನೆಗೆ ಎಷ್ಟು ರೈತರು ಅದನ್ನು ಬಳಸುತ್ತಾರೆ? ಹಾಳೆ ತುಂಬುವವರು ಆಯಾ ವಿಜ್ಞಾನಿಗಳೇ. ಪ್ರಶ್ನೆ ಕೇಳುವವಳು ನಾನು.

"ಹತ್ತರಲ್ಲಿ ಎಷ್ಟು ಸಲ ಗೆಲ್ತೀನಿ ಅಂತ ಈಗಲೇ ಹೇಗೆ ಹೇಳ್ಲಿ ಮೇಡಂ?" ಅಂತ ಕೀಟಶಾಸ್ತ್ರಜ್ಞರೊಬ್ಬರು ಬೇಸರಪಟ್ಟುಕೊಂಡರು. "ಸರ್, ನಿಮಗೇ ಗೊತ್ತಿಲ್ಲದಿದ್ರೆ ದುಡ್ಡು ಹಂಚೋರಿಗೆ ಹೇಗೆ ಗೊತ್ತಾಗ್ಬೇಕು? ಅಂದಾಜು ಹೇಳಿ, ಯಾಕೆ ಅಂತಾನೂ ಬರೀರಿ" ಅಂದೆ. ಆ 'ಯಾಕೆ' ಇಡೀ ಹಾಳೆಯಲ್ಲಿ ಬಹಳ ಮುಖ್ಯವಾದದ್ದು.

ತೊಗರಿಯನ್ನೇ ನೋಡಿ. ರೈತರನ್ನು ಕೇಳಿದರೆ ಮೊದಲು ಹೇಳೋದು ಕಾಯಿಕೊರಕ ಹುಳ. ನಷ್ಟವೂ ದೊಡ್ಡದು. ಆದರೆ ನಾವು ಬೆಳೆಯುವ ತೊಗರಿಯಲ್ಲಿ ಆ ಹುಳವನ್ನು ಗಟ್ಟಿಯಾಗಿ ತಡೆಯುವ ಗುಣ ಸಿಗೋದು ಕಷ್ಟ. ಅದು ಇರೋದು ಜಾಸ್ತಿ ಕಾಡುಜಾತಿಗಳಲ್ಲಿ. ಗಿಡವನ್ನು ಒಣಗಿಸಿ ಸಾಯಿಸುವ ನೆಟೆ ರೋಗದ ಕಥೆ ಬೇರೆ. ರೋಗದ ಶಿಲೀಂಧ್ರ ತುಂಬಿದ ಮಣ್ಣಿನಲ್ಲೇ ಸಾವಿರಾರು ತಳಿ ಬಿತ್ತಿ, ಸಾಯದೆ ಉಳಿದದ್ದನ್ನು ಆರಿಸಬಹುದು. ಪಕ್ಕದ ಸಾಲು ಪೂರ್ತಿ ಒಣಗಿ ನಿಂತಾಗ ಒಂದು ಸಾಲು ಹಸಿರಾಗಿರೋದು ಬರಿಗಣ್ಣಿಗೇ ಕಾಣುತ್ತದೆ. 1986ರಲ್ಲಿ ಕರ್ನಾಟಕದಲ್ಲಿ ಬಿಡುಗಡೆಯಾದ 'ಮಾರುತಿ' ತಳಿ ನೆಟೆ ರೋಗ ತಡೆಯುವಂಥದ್ದು. ಅದು ಕಲಬುರಗಿ ಸೀಮೆ ತುಂಬ ಹಬ್ಬಿತು.

ಲೆಕ್ಕ ಹೇಗೆ ತಿರುಗುತ್ತೆ ಅಂತ ತೋರಿಸೋಕೆ ಸುಮ್ನೆ ಒಂದು ಉದಾಹರಣೆ ಕೊಡುತ್ತೇನೆ. ಕಾಯಿಕೊರಕದಿಂದ 300 ಕೋಟಿ ನಷ್ಟ ಅನ್ನಿ. ಸಂಶೋಧನೆ ತಪ್ಪಿಸಬಹುದಾದ್ದು ಶೇ. 20, ಗೆಲ್ಲುವ ಸಾಧ್ಯತೆ ಶೇ. 10, ಬಳಸುವ ರೈತರು ಅರ್ಧದಷ್ಟು. ವರ್ಷಕ್ಕೆ 3 ಕೋಟಿ ಲಾಭ ಬಂತು. ನೆಟೆ ರೋಗದ ನಷ್ಟ 100 ಕೋಟಿ ಮಾತ್ರ, ತಪ್ಪಿಸಬಹುದಾದ್ದು ಶೇ. 30, ಸಾಧ್ಯತೆ ಶೇ. 60, ರೈತರು ಅರ್ಧದಷ್ಟೇ. ಬಂದದ್ದು 9 ಕೋಟಿ. ಸಾಧ್ಯತೆಯನ್ನು ಅರ್ಧಕ್ಕೆ ಇಳಿಸಿದರೂ ನಾಲ್ಕೂವರೆ ಕೋಟಿ, ಆಗಲೂ ನೆಟೆ ರೋಗವೇ ಮುಂದೆ. ಹೀಗೆ ಅಂಕಿ ಏರಿಸಿ ಇಳಿಸಿ ನೋಡಿದ ಮೇಲೇ ಸಾಲು ಕಟ್ಟುತ್ತಿದ್ದೆವು. ಕಾಲದ ಲೆಕ್ಕವೂ ಇದೆ. ಶೇ. 10ರ ಬಡ್ಡಿ ದರದಲ್ಲಿ ನೋಡಿದರೆ 15 ವರ್ಷದ ನಂತರ ಬರುವ ನೂರು ರೂಪಾಯಿಗೆ ಇವತ್ತಿನ ಬೆಲೆ ಸುಮಾರು 24 ರೂಪಾಯಿ.

ಲಾಭ ಒಂದೇ ನೋಡಿದರೆ ಸಾಲದು. ಬಡವರಿಗೆ ಎಷ್ಟು ತಲುಪುತ್ತೆ, ನೆಲ ನೀರು ಉಳಿಯುತ್ತಾ, ಒಂದಕ್ಕಿಂತ ಹೆಚ್ಚು ದೇಶಕ್ಕೆ ಬೇಕಾ ಅಂತಲೂ ಅಂಕ ಕೊಟ್ಟೆವು. ಎಲ್ಲವನ್ನೂ ಕೂಡಿಸಿ ಒಂದೇ ಅಂಕ ಮಾಡೋಣ ಅಂದವರಿದ್ದರು. ನಾನು ಒಪ್ಪಲಿಲ್ಲ. ಕೂಡಿಸಿದ ಮೇಲೆ ಬಡವರ ಪಾಲು ಎಲ್ಲಿ ಕರಗಿತು ಅಂತ ಯಾರಿಗೂ ಕಾಣುವುದಿಲ್ಲ. ನಾಲ್ಕೂ ಅಂಕ ಅಕ್ಕಪಕ್ಕ ಇರಲಿ, ಯಾವುದನ್ನು ಬಿಟ್ಟುಕೊಡ್ತಿದ್ದೀವಿ ಅಂತ ಗೊತ್ತಿದ್ದೇ ಬಿಟ್ಟುಕೊಡೋಣ ಅಂತ ಹಠ ಹಿಡಿದೆ.

'ನಾವೇ ಮಾಡಬೇಕಾ?' ಅನ್ನೋ ಪ್ರಶ್ನೆ ಮಾತ್ರ ಯಾವಾಗಲೂ ಜಗಳ ತರುತ್ತಿತ್ತು. ಆಗ ನಾನು ರಾಗಿ ತಳಿ ವಿಜ್ಞಾನಿ 'ರಾಗಿ ಲಕ್ಷ್ಮಣಯ್ಯ'ನವರ ಮಾತು ತೆಗೆಯುತ್ತಿದ್ದೆ. ನಮ್ಮ ರಾಗಿಗೆ ಆಫ್ರಿಕಾದ ರಾಗಿ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟದ್ದು ಅವರು ಕೆಲಸ ಮಾಡಿದ ಮಂಡ್ಯದ ಸಂಶೋಧನಾ ಕೇಂದ್ರ ವಿ.ಸಿ. ಫಾರಂ, ಅಂತರರಾಷ್ಟ್ರೀಯ ಕೇಂದ್ರ ಅಲ್ಲ. ನಮ್ಮೂರ ಕೃಷಿ ವಿಶ್ವವಿದ್ಯಾಲಯ ಮಾಡಬಲ್ಲ ಕೆಲಸವನ್ನು ನಾವು ಮಾಡಿದರೆ ಆ ದುಡ್ಡು ದಂಡ. ಆದರೆ ಅವರಿಗೆ ಆಫ್ರಿಕಾದ ಬೀಜ ಸಿಗಬೇಕಲ್ವಾ? ಬೀಜ ಸಂಗ್ರಹಿಸಿ, ಕಾಪಾಡಿ, ಕೇಳಿದವರಿಗೆ ಕೊಡುವುದು ಅಂತರರಾಷ್ಟ್ರೀಯ ಕೇಂದ್ರದ ಕೆಲಸ. ಇಕ್ರಿಸ್ಯಾಟ್ ಬೀಜ ಬ್ಯಾಂಕಿನಲ್ಲೇ 1.2 ಲಕ್ಷಕ್ಕೂ ಹೆಚ್ಚು ಮಾದರಿಗಳಿವೆ. ಯಾವ ಬೀಜ ಯಾವಾಗ ಬೇಕಾಗುತ್ತೋ ಯಾರೂ ಹೇಳಲಾರರು. ಅದಕ್ಕೇ ಬೀಜ ಬ್ಯಾಂಕನ್ನು ಈ ಪಟ್ಟಿಯ ಪೈಪೋಟಿಗೆ ತರಲೇಬಾರದು, ಅದರ ದುಡ್ಡು ಮೊದಲೇ ತೆಗೆದಿಡಬೇಕು ಅಂತ ನಾನು ವಾದ ಮಾಡಿದೆ.

ಪಟ್ಟಿ ಆದ ಮೇಲೆ ಎದುರಾಗೋದು ದುಡ್ಡು ಕೊಡುವವರ ಷರತ್ತು. ಹೀಗೇ ಖರ್ಚು ಮಾಡಿ ಅಂತ ಕಟ್ಟಿಹಾಕಿದ ದುಡ್ಡು ವರ್ಷದಿಂದ ವರ್ಷಕ್ಕೆ ಜಾಸ್ತಿಯಾಯಿತು. ಪಟ್ಟಿಯ ಕೆಳಗಿನ ಕೆಲಸಕ್ಕೆ ಯೋಜನೆ ಸಿಕ್ಕರೆ ಮೇಲಿನ ಕೆಲಸದ ವಿಜ್ಞಾನಿಯೇ ಅಲ್ಲಿಗೆ ಹೋಗಬೇಕಾಗುತ್ತೆ. ಅದಕ್ಕೆ ನಾನು ಪ್ರತಿ ಹೊಸ ಯೋಜನೆಗೂ ಎಷ್ಟು ವಿಜ್ಞಾನಿಗಳ ಸಮಯ, ಎಷ್ಟು ಪ್ರಯೋಗದ ಹೊಲ ಹೋಗುತ್ತೆ, ಅದರಿಂದ ಯಾವ ಕೆಲಸ ನಿಲ್ಲುತ್ತೆ ಅಂತ ಬರೆದು ಮುಂದಿಡುತ್ತಿದ್ದೆ. ದುಡ್ಡು ಕಡಿತವಾದಾಗಲೂ ಅಷ್ಟೇ. ಎಲ್ಲರಿಗೂ ಶೇ. 10 ಕಡಿತ ಅಂದರೆ ಯಾರಿಗೂ ನೋವಿಲ್ಲ ಅನ್ನಿಸುತ್ತೆ. ಆದರೆ ಎಲ್ಲ ಕೆಲಸವೂ ಅರೆಬರೆಯಾಗುತ್ತದೆ. ಕೆಳಗಿನ ಒಂದೆರಡು ಕೆಲಸ ಪೂರ್ತಿ ನಿಲ್ಲಿಸಿ, ಉಳಿದದ್ದಕ್ಕೆ ಪೂರ್ತಿ ದುಡ್ಡು ಕೊಡಿ ಅನ್ನೋದೇ ನನ್ನ ಸಲಹೆ.

ಇನ್ನೊಂದು ವಿಷಯ. ಗೆದ್ದ ಕೆಲಸದ ಹಾಳೆಯನ್ನು 'ಮುಗಿಯಿತು' ಅಂತ ಮುಚ್ಚುವ ಅಭ್ಯಾಸ ಎಲ್ಲ ಕಡೆ ಇದೆ. ಆದರೆ ಶಿಲೀಂಧ್ರ ಬದಲಾಗುತ್ತಲೇ ಇರುತ್ತದೆ, ಮಳೆಯೂ ಬದಲಾಗುತ್ತದೆ. 2022ರ ಹಂಗಾಮಿನಲ್ಲಿ ಕಲಬುರಗಿ ಕಡೆ ನೆಟೆ ರೋಗ ಮತ್ತೆ ತೊಗರಿಯನ್ನು ಒಣಗಿಸಿತು. ಸಿಕ್ಕ ಗೆಲುವನ್ನು ಕಾಯ್ದುಕೊಳ್ಳುವ ಕೆಲಸಕ್ಕೆ ಬಜೆಟ್ಟಿನಲ್ಲಿ ಬೇರೆ ಸಾಲೇ ಇರಬೇಕು, ಹೊಸ ಯೋಜನೆಗಳ ಆಸೆಗೆ ಅದನ್ನು ಮುಟ್ಟಬಾರದು.