ಸ್ಟ್ರಕ್ಚರಲ್ ಆಫೀಸಿನಲ್ಲಿ ಮೊದಲ ವರ್ಷ: ಲೆಕ್ಕದ ಹಾಳೆಯಿಂದ ಸ್ಲ್ಯಾಬಿನವರೆಗೆ

ಸಿವಿಲ್ ಬಿ.ಇ. ಮುಗಿಸಿ ಬೆಂಗಳೂರಿನ ಸ್ಟ್ರಕ್ಚರಲ್ ಕನ್ಸಲ್ಟೆನ್ಸಿಗೆ ಸೇರುವವರು ಮೊದಲು ತಿಳಿಯಬೇಕಾದ್ದು ಇಷ್ಟು: ಆಫೀಸಿನಿಂದ ಹೊರಗೆ ಹೋಗುವುದು ಡ್ರಾಯಿಂಗ್ ಮಾತ್ರ. ಈಟ್ಯಾಬ್ಸ್ (ಕಟ್ಟಡದ ಲೆಕ್ಕ ಮಾಡುವ ಸಾಫ್ಟ್‌ವೇರ್) ಮಾಡೆಲ್ ಎಷ್ಟೇ ಅಚ್ಚುಕಟ್ಟಾಗಿರಲಿ, ಸೈಟಿನಲ್ಲಿ ಅದನ್ನು ಯಾರೂ ನೋಡುವುದಿಲ್ಲ. ಕಂಬಿ ಕಟ್ಟುವವರ ಕೈಗೆ ಸಿಗುವುದು ಒಂದು ಎ1 ಹಾಳೆ, ಇಲ್ಲವೇ ಫೋನಿಗೆ ಬಂದ ಪಿಡಿಎಫ್. ಅದರಲ್ಲಿ ಕಂಬಿಯ ವ್ಯಾಸ 16 ಮಿ.ಮೀ. ಇರಬೇಕಾದ ಕಡೆ 12 ಎಂದು ಬಿದ್ದಿದ್ದರೆ ಮಾರನೆಯ ಬೆಳಿಗ್ಗೆ 12ರ ಕಂಬಿಯನ್ನೇ ಕಟ್ಟಿರುತ್ತಾರೆ. ಹೊಸಬರ ಕೈಗೆ ಮೊದಲ ವರ್ಷ ಹೆಚ್ಚಾಗಿ ಚೆಕಿಂಗ್ ಕೆಲಸ ಬರುವುದು ಇದೇ ಕಾರಣಕ್ಕೆ. ಡಿಸೈನ್ ಕೊಡುತ್ತಿಲ್ಲ ಎಂದು ಬೇಸರಪಡುವವರನ್ನು ನೋಡಿದ್ದೇನೆ. ಚೆಕಿಂಗ್ ಸರಿಯಾಗಿ ಮಾಡಿದವರಿಗೆ ಡಿಸೈನ್ ತಾನಾಗಿ ಬರುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಸಾಫ್ಟ್‌ವೇರ್ ತೆರೆಯುವ ಮೊದಲು ನಾನು ಲೋಡ್ ಶೀಟ್ ಬರೆಯುತ್ತೇನೆ, ಒಂದೇ ಪುಟ, ಕೈಬರಹದಲ್ಲಿ. ವಾಸದ ಮನೆಯ 150 ಮಿ.ಮೀ. ಸ್ಲ್ಯಾಬಿನ ಸ್ವಂತ ತೂಕ ಚದರ ಮೀಟರಿಗೆ 3.75 ಕಿಲೋನ್ಯೂಟನ್, ಫ್ಲೋರ್ ಫಿನಿಶ್ 1.5, ಭಾರತೀಯ ಮಾನಕ ಐಎಸ್ 875 ಭಾಗ 2ರಂತೆ ಲೈವ್ ಲೋಡ್ (ಜನ, ಸಾಮಾನುಗಳ ಭಾರ) ಕೋಣೆಗಳಿಗೆ 2, ಮೆಟ್ಟಿಲು ಮತ್ತು ಬಾಲ್ಕನಿಗೆ 3. ಟಾಯ್ಲೆಟ್ ಸ್ಲ್ಯಾಬನ್ನು 300 ಮಿ.ಮೀ. ತಗ್ಗಿಸಿದ್ದರೆ ಅದಕ್ಕೆ ತುಂಬುವ ಇಟ್ಟಿಗೆ ಚೂರು, ಮಣ್ಣಿನದ್ದೇ ಚದರ ಮೀಟರಿಗೆ ಐದೂವರೆ ಕಿಲೋನ್ಯೂಟನ್ ಆಗುತ್ತದೆ. ಹೊಸಬರ ಶೀಟಿನಲ್ಲಿ ಬಿಟ್ಟುಹೋಗುವ ಮೊದಲ ಸಾಲು ಇದು. ಎರಡನೆಯದು ಗೋಡೆ. 200 ಮಿ.ಮೀ. ಸಾಲಿಡ್ ಬ್ಲಾಕ್, ಬೀಮಿನ ಕೆಳಗೆ 2.55 ಮೀಟರ್ ಎತ್ತರ, ಎರಡೂ ಕಡೆ ಪ್ಲಾಸ್ಟರ್ ಸೇರಿಸಿದರೆ ಮೀಟರ್ ಉದ್ದಕ್ಕೆ ಹನ್ನೆರಡೂವರೆ ಕಿಲೋನ್ಯೂಟನ್ ಆಸುಪಾಸು. ಅದೇ ಗೋಡೆ ಎಎಸಿ (ಗಾಳಿಗುಳ್ಳೆಯ ಹಗುರ ಕಾಂಕ್ರೀಟು) ಬ್ಲಾಕಿನದಾದರೆ ಅರ್ಧಕ್ಕಿಂತ ಕಡಿಮೆ. ಎಎಸಿ ಎಂದು ಡಿಸೈನ್ ಮಾಡಿದ ಕಟ್ಟಡಕ್ಕೆ ಮಾಲೀಕರು ನಡುವೆ ಸಾಲಿಡ್ ಬ್ಲಾಕ್ ತರಿಸಿದರೆ ಬೀಮು, ಕಾಲಂ, ಫುಟಿಂಗ್ ಎಲ್ಲದರ ಲೆಕ್ಕ ಕೆಡುತ್ತದೆ. ಹಾಗಾಗಿ ಯಾವ ಬ್ಲಾಕ್ ಎಂಬುದನ್ನು ಲೋಡ್ ಶೀಟಿನಲ್ಲಿ ಬರೆದರೆ ಸಾಲದು, ಡ್ರಾಯಿಂಗಿನ ಜನರಲ್ ನೋಟ್ಸ್‌ನಲ್ಲೂ ಬರೆಯಿಸಬೇಕು.

ಮಾಡೆಲ್ ರನ್ ಆದ ಮೇಲೆ ಮೊದಲು ನೋಡುವುದು ಒಟ್ಟು ಬೇಸ್ ರಿಯಾಕ್ಷನ್, ಅಂದರೆ ಕಟ್ಟಡ ಬುಡಕ್ಕೆ ಇಳಿಸುವ ಭಾರ. ಅಪಾರ್ಟ್‌ಮೆಂಟ್ ಕಟ್ಟಡಗಳಲ್ಲಿ ಗೋಡೆ, ಲೈವ್ ಲೋಡ್ ಎಲ್ಲ ಸೇರಿ ಒಂದು ಅಂತಸ್ತಿನ ಚದರ ಮೀಟರಿಗೆ 12ರಿಂದ 15 ಕಿಲೋನ್ಯೂಟನ್ ಬರುತ್ತದೆ. 250 ಚದರ ಮೀಟರಿನ ಐದು ಸ್ಲ್ಯಾಬು ಇದ್ದರೆ 1,250 ಗುಣಿಸು 13, ಅಂದರೆ 16,250 ಕಿಲೋನ್ಯೂಟನ್. ಮಾಡೆಲ್ ಇದರ ಹತ್ತಿರ ಇರಬೇಕು. 21,000 ತೋರಿಸಿದರೆ ಸ್ಲ್ಯಾಬಿನ ಸ್ವಂತ ತೂಕವನ್ನು ಪ್ರೋಗ್ರಾಮ್ ತಾನೇ ಲೆಕ್ಕ ಹಾಕಿದೆ, ಮೇಲಿಂದ ನೀವೂ 3.75 ಕೊಟ್ಟಿದ್ದೀರಿ ಎಂದೇ ಮೊದಲ ಅನುಮಾನ, 1,250ಕ್ಕೆ 3.75 ಗುಣಿಸಿದರೆ ಸರಿಸುಮಾರು ಆ ವ್ಯತ್ಯಾಸವೇ ಬರುತ್ತದೆ. ಆಮೇಲೆ ಮೋಡ್ ಶೇಪನ್ನು (ಕಟ್ಟಡ ಕಂಪಿಸುವ ರೂಪ) ಆನಿಮೇಶನ್‌ನಲ್ಲಿ ಓಡಿಸಿ ನೋಡುತ್ತೇನೆ. ಒಂದೇ ಒಂದು ಬೀಮು ಬೇರೆಯಾಗಿ ಕುಣಿಯುತ್ತಿದ್ದರೆ ಅದರ ತುದಿ ಕಾಲಮ್ಮಿಗೆ ಕೂಡಿಲ್ಲ. ಮೊದಲ ಮೋಡಿನಲ್ಲೇ ಇಡೀ ಕಟ್ಟಡ ತಿರುಚಿಕೊಂಡರೆ ಲಿಫ್ಟ್ ಗೋಡೆ ಒಂದು ಮೂಲೆಗೆ ಬಿದ್ದಿದೆ. ಅದನ್ನು ಆರ್ಕಿಟೆಕ್ಟ್ ಜೊತೆ ಅಂದೇ ಮಾತಾಡಬೇಕು, ಪ್ಲಾನ್ ಗಟ್ಟಿಯಾದ ಮೇಲೆ ಯಾರೂ ಗೋಡೆ ಸರಿಸುವುದಿಲ್ಲ. ಭೂಕಂಪದ ಮಾಸ್ ಲೆಕ್ಕಕ್ಕೆ ಐಎಸ್ 1893ರ 2016ರ ಆವೃತ್ತಿಯಂತೆ 3 ಕಿಲೋನ್ಯೂಟನ್‌ವರೆಗಿನ ಲೈವ್ ಲೋಡಿನ ಶೇ. 25, ಅದಕ್ಕಿಂತ ಹೆಚ್ಚಿದ್ದರೆ ಶೇ. 50. ಬಿರುಕು ಬಿಟ್ಟ ಸೆಕ್ಷನ್ನಿನ ಇನರ್ಷಿಯಾ (ಬಾಗದಂತೆ ತಡೆಯುವ ಗುಣ) ಪೂರ್ಣ ಸೆಕ್ಷನ್ನಿನದ್ದಕ್ಕೆ ಹೋಲಿಸಿದರೆ ಕಾಲಂಗೆ 0.7 ಪಟ್ಟು, ಬೀಮಿಗೆ 0.35. ಅದೇ ಆವೃತ್ತಿಯ ನಕ್ಷೆಯಲ್ಲಿ ಬೆಂಗಳೂರು ವಲಯ 2, ಮಂಗಳೂರು ವಲಯ 3. ಹಳೆಯ ಬೆಂಗಳೂರು ಫೈಲನ್ನು ಕಾಪಿ ಮಾಡಿ ಮಂಗಳೂರಿನ ಕೆಲಸ ಶುರು ಮಾಡಿದರೆ ವಲಯದ ಜೊತೆಗೆ ಗಾಳಿಯ ವೇಗವೂ ತಪ್ಪುತ್ತದೆ: ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39.

ಡ್ರಾಯಿಂಗ್ ಚೆಕ್ ಮಾಡಲು ಹಳದಿ ಹೈಲೈಟರ್, ಕೆಂಪು ಪೆನ್ನು ಸಾಕು. ಸರಿ ಇರುವ ಪ್ರತಿ ಅಂಕಿಯ ಮೇಲೂ ಹಳದಿ ಬಳಿಯಿರಿ, ತಪ್ಪಿಗೆ ಕೆಂಪು. ಬಣ್ಣ ಇಲ್ಲದ ಅಂಕಿ ಅಂದರೆ ಇನ್ನೂ ನೋಡಿಲ್ಲ ಎಂದರ್ಥ. ಕಣ್ಣಾಡಿಸಿ ಚೆಕ್ ಮಾಡುವುದಕ್ಕೂ ಇದಕ್ಕೂ ಅಜಗಜಾಂತರ. ಗ್ರಿಡ್ ಅಳತೆ ಆರ್ಕಿಟೆಕ್ಟಿನ ಯಾವ ರಿವಿಷನ್ ಜೊತೆ ತಾಳೆಯಾಗಿದೆ ಎಂದು ಹಾಳೆಯ ಮೂಲೆಯಲ್ಲಿ ಬರೆದಿಡಬೇಕು, ಏಕೆಂದರೆ ಮೆಟ್ಟಿಲಿನ ಜಾಗ ಕೊನೆಯ ಗಳಿಗೆಯವರೆಗೂ ಬದಲಾಗುತ್ತಲೇ ಇರುತ್ತದೆ.

ಇಲ್ಲಿ ನಿಜವಾಗಿ ತಲೆ ಓಡಿಸಬೇಕಾದ್ದು ಕಂಬಿ ಜಾಗದಲ್ಲಿ ಹಿಡಿಯುತ್ತದೆಯೇ ಎಂಬುದಕ್ಕೆ. ನಮ್ಮಲ್ಲಿ 230 ಮಿ.ಮೀ. ಅಗಲದ ಬೀಮು ಸಾಮಾನ್ಯ. ಎರಡು ಕಡೆ 30 ಕವರ್ (ಕಂಬಿಯ ಹೊರಗಿನ ಕಾಂಕ್ರೀಟು), 8ರ ರಿಂಗು (ಕಂಬಿಗಳನ್ನು ಸುತ್ತುವ ಕಟ್ಟು) ಕಳೆದರೆ ಒಳಗೆ ಉಳಿಯುವುದು 154. ನಾಲ್ಕು 20ರ ಕಂಬಿ ಸಾಲಾಗಿ ಇಟ್ಟರೆ ನಡುವಿನ ಮೂರು ಸಂದು ತಲಾ 24.7. ಕಾಂಕ್ರೀಟಿನ ಮಾನಕ ಐಎಸ್ 456 ಕೇಳುವುದು ಕಂಬಿಯ ವ್ಯಾಸ ಅಥವಾ ಜಲ್ಲಿ ಗಾತ್ರಕ್ಕೆ 5 ಕೂಡಿಸಿದ್ದು, ಎರಡರಲ್ಲಿ ದೊಡ್ಡದು. 20ರ ಜಲ್ಲಿಗೆ 25. ಕಾಗದದ ಮೇಲೆ ಕೂದಲೆಳೆಯಷ್ಟು ಕಡಿಮೆ, ಸೈಟಿನಲ್ಲಿ ರಿಂಗು ಸ್ವಲ್ಪ ಓರೆಯಾದರೂ ಜಲ್ಲಿ ಮೇಲೇ ನಿಂತು ಬೀಮಿನ ತಳ ಜೇನುಗೂಡಾಗುತ್ತದೆ. ಮೂರು ಕೆಳಗೆ, ಒಂದು ಎರಡನೇ ಸಾಲಿಗೆ ಎಂದು ಡ್ರಾಯಿಂಗಿನಲ್ಲೇ ತೋರಿಸಿ, ಎರಡನೇ ಸಾಲಿಗೆ ಎಫೆಕ್ಟಿವ್ ಡೆಪ್ತ್ (ಎದುರು ಅಂಚಿನಿಂದ ಕಂಬಿಯ ನಡುವಿನವರೆಗಿನ ಆಳ) ಕಡಿಮೆಯಾಗುವುದನ್ನು ಡಿಸೈನಿಗೂ ಹಾಕಬೇಕು. ಕಾಲಮ್ಮೂ 230 ಅಗಲವಿದ್ದರೆ ಇನ್ನೊಂದು ತೊಡಕು: ಬೀಮಿನ ಮೂಲೆ ಕಂಬಿ ಕಾಲಮ್ಮಿನ ಮೂಲೆ ಕಂಬಿಗೆ ನೇರ ಗುದ್ದುತ್ತದೆ, ಒಳಗೆ ಸರಿಯಲೇಬೇಕು, ಇರುವ ಜಾಗ ಇನ್ನೂ ಕಿರಿದಾಗುತ್ತದೆ. ಜಂಕ್ಷನ್ನಿನ ಪ್ಲಾನನ್ನು 1:10ರಲ್ಲಿ ಒಮ್ಮೆ ಬರೆದು ನೋಡಿದರೆ ಇದೆಲ್ಲ ಆಫೀಸಿನಲ್ಲೇ ಕಾಣುತ್ತದೆ.

ಬಾರ್ ಬೆಂಡಿಂಗ್ ಶೆಡ್ಯೂಲ್ (ಕಂಬಿ ಕತ್ತರಿಸಿ ಬಾಗಿಸುವ ಅಳತೆಗಳ ಪಟ್ಟಿ) ಬೇಸರದ ಕೆಲಸ ಎನ್ನುವವರಿದ್ದಾರೆ, ನನಗೆ ಹಾಗನ್ನಿಸಿಲ್ಲ. 230×450 ಬೀಮಿನ 8ರ ರಿಂಗನ್ನೇ ತೆಗೆದುಕೊಳ್ಳಿ. 30 ಕವರ್ ಕಳೆದರೆ ಹೊರ ಅಳತೆ 170×390, ಸುತ್ತಳತೆ 1,120. ಎರಡು ಕೊಕ್ಕೆಗೆ ವ್ಯಾಸದ ಹತ್ತು ಪಟ್ಟಿನಂತೆ 80+80 ಕೂಡಿಸಿ. 90 ಡಿಗ್ರಿಯ ಮೂರು ಬಾಗಿಗೆ ತಲಾ ವ್ಯಾಸದ ಎರಡು ಪಟ್ಟು, 135 ಡಿಗ್ರಿಯ ಎರಡಕ್ಕೆ ತಲಾ ಮೂರು ಪಟ್ಟು, ಒಟ್ಟು 96 ಕಳೆಯಿರಿ. ಕತ್ತರಿಸುವ ಉದ್ದ 1,184 ಮಿ.ಮೀ. ಹನ್ನೆರಡು ಮೀಟರಿನ ಕಂಬಿಯಲ್ಲಿ ಹತ್ತು ರಿಂಗು ಬಂದು 160 ಮಿ.ಮೀ. ತುಂಡು ಉಳಿಯುತ್ತದೆ. ಅದನ್ನೇ 1,204 ಎಂದು ಕೊಟ್ಟರೆ ಒಂಬತ್ತೇ ಬರುತ್ತದೆ, ಒಂದು ಮೀಟರಿಗೂ ಹೆಚ್ಚು ಗುಜರಿಗೆ. ತೂಕಕ್ಕೆ ವ್ಯಾಸದ ವರ್ಗವನ್ನು 162ರಿಂದ ಭಾಗಿಸುವ ಸೂತ್ರ ಎಲ್ಲರಿಗೂ ಗೊತ್ತು: 8ಕ್ಕೆ ಮೀಟರಿಗೆ 0.395 ಕೆ.ಜಿ., 12ಕ್ಕೆ 0.89, 16ಕ್ಕೆ 1.58, 20ಕ್ಕೆ 2.47. ಲ್ಯಾಪ್ ಉದ್ದಕ್ಕೆ (ಜೋಡಿಸುವಲ್ಲಿ ಎರಡು ಕಂಬಿ ಜೊತೆಯಾಗಿ ಸಾಗುವ ಉದ್ದ) ಸೈಟಿನಲ್ಲಿ ಎಲ್ಲರೂ ವ್ಯಾಸದ 50 ಪಟ್ಟು ಎನ್ನುತ್ತಾರೆ. ಎಂ25 ಕಾಂಕ್ರೀಟು (28 ದಿನಕ್ಕೆ ಚದರ ಮಿ.ಮೀ.ಗೆ 25 ನ್ಯೂಟನ್ ಶಕ್ತಿಯದು), ಎಫ್‌ಇ500 ಕಂಬಿಗೆ (ಶಕ್ತಿ ಚದರ ಮಿ.ಮೀ.ಗೆ 500 ನ್ಯೂಟನ್) ಬೇಕಾದ್ದು 49 ಪಟ್ಟು, ಅಲ್ಲಿಗೆ ಸರಿ. ಎಂ20 ಆದರೆ 57 ಬೇಕು, ಆಗ 50 ಸಾಲದು.

ಬೆಳಿಗ್ಗೆ ಏಳಕ್ಕೇ ಫೋನ್ ಬರುತ್ತದೆ: "ಸರ್, 16 ಸ್ಟಾಕ್ ಇಲ್ಲ, 12 ಹಾಕ್ಲಾ?" ಐದು 16ರ ವಿಸ್ತೀರ್ಣ 1,005 ಚದರ ಮಿ.ಮೀ., ಅದಕ್ಕೆ ಒಂಬತ್ತು 12 ಬೇಕು. ಸ್ಲ್ಯಾಬಿನಲ್ಲಾದರೆ ಅಂತರ ಬದಲಿಸಿ ಒಪ್ಪಬಹುದು. 230ರ ಬೀಮಿನಲ್ಲಿ ಒಂಬತ್ತು ಕಂಬಿ ಒಂದು ಸಾಲಿಗೆ ಹಿಡಿಯುವುದೇ ಇಲ್ಲ. ಫೋನಿನಲ್ಲಿ ಹೂಂ ಎನ್ನಬೇಡಿ. "ಹತ್ತು ನಿಮಿಷ ಬಿಟ್ಟು ಹೇಳ್ತೀನಿ" ಎಂದು ಲೆಕ್ಕ ಮಾಡಿ, ಸೀನಿಯರ್‌ಗೆ ತೋರಿಸಿ, ಉತ್ತರವನ್ನು ಬರವಣಿಗೆಯಲ್ಲೇ ಕಳಿಸಿ.

ಕಾಂಕ್ರೀಟಿಗೆ ಮುಂಚಿನ ಸೈಟ್ ಚೆಕ್ಕಿಗೆ ನಾನು ಅಳತೆ ಟೇಪು, ಸೀಮೆಸುಣ್ಣ, ಹಳದಿ ಬಳಿದ ಡ್ರಾಯಿಂಗ್ ಒಯ್ಯುತ್ತೇನೆ, ಮೊದಲು ಹೋಗುವುದು ಬಾಲ್ಕನಿಗೆ. ಚಾಚಿದ ಸ್ಲ್ಯಾಬಿನ ಮುಖ್ಯ ಕಂಬಿ ಮೇಲಿರುತ್ತದೆ, ಅದನ್ನು ಎತ್ತಿ ಹಿಡಿಯುವುದು ಚೇರು. 150ರ ಸ್ಲ್ಯಾಬಿನಲ್ಲಿ 20 ಕವರ್, 10ರ ಕಂಬಿಗೆ ಎಫೆಕ್ಟಿವ್ ಡೆಪ್ತ್ 125. ಕಾಂಕ್ರೀಟು ಸುರಿಯುವವರು ಅದರ ಮೇಲೆ ಓಡಾಡಿ 40 ಮಿ.ಮೀ. ತಗ್ಗಿಸಿದರೆ 85 ಉಳಿಯುತ್ತದೆ, ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಭಾಗ ಹೋಯಿತು. ಮೇಲೆ ನೋಡಿದರೆ ಏನೂ ಗೊತ್ತಾಗದು. ಸೆಂಟ್ರಿಂಗ್ ಬಿಚ್ಚಿದ ಮೇಲೆ ಬೀಮಿನ ಗುಂಟ ಬಿರುಕು ಕಾಣುತ್ತದೆ. ಚೇರುಗಳನ್ನು ಮೀಟರಿಗೊಂದರಂತೆ ಹಾಕಿಸಿ, ನಡೆದಾಡಲು ಹಲಗೆ ಹಾಸಿ, ಕಾಂಕ್ರೀಟು ಬೀಳುವಾಗ ಅಲ್ಲೇ ನಿಲ್ಲಬೇಕು. ಆಮೇಲೆ ಕವರ್ ಬ್ಲಾಕು, ರಿಂಗಿನ ಕೊಕ್ಕೆ 135 ಡಿಗ್ರಿ ಬಾಗಿದೆಯೇ, ಒಂದೇ ಕಡೆ ಕಂತೆಯಾಗಿ ಹೋದ ಎಲೆಕ್ಟ್ರಿಕಲ್ ಪೈಪು, ಪ್ರಾಪಿನ (ಸೆಂಟ್ರಿಂಗಿನ ಆಸರೆ ಕಂಬ) ಕೆಳಗೆ ಹಲಗೆ ಇದೆಯೇ, ಬರಿ ಮಣ್ಣೇ. ಕಂಬಿ ಕಟ್ಟುವವರಲ್ಲಿ ಬಂಗಾಳ, ಬಿಹಾರ, ಒಡಿಶಾದವರೇ ಹೆಚ್ಚು. ಮಾತು ಕೂಡದಿದ್ದರೆ ಶಟರಿಂಗ್ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿ. ಅವರ ಕೈಗೆ ನಮಗಿಂತ ಹೆಚ್ಚು ಗೊತ್ತಿರುವ ಸಂಗತಿಗಳಿವೆ, ಜಾಗ ಸಾಲದೆಂದು ಅವರು ಹೇಳಿದರೆ ಕೂತು ಕೇಳಬೇಕು.

ಆರ್‌ಎಂಸಿ (ಪ್ಲಾಂಟಿನಲ್ಲೇ ಕಲಸಿದ ಕಾಂಕ್ರೀಟು) ಲಾರಿ ಬಂದೊಡನೆ ಚಲನ್‌ನಲ್ಲಿ ಗ್ರೇಡ್ ಮತ್ತು ಲೋಡಾದ ಹೊತ್ತು ನೋಡಿ. ಎರಡು ಗಂಟೆಯೊಳಗೆ ಖಾಲಿಯಾಗಬೇಕು. ನಮ್ಮ ಟ್ರಾಫಿಕ್‌ನಲ್ಲಿ ಈ ಲೆಕ್ಕ ಬಿಗಿ. ಬಿಗಿಯಾದ ಕಾಂಕ್ರೀಟಿಗೆ ಡ್ರೈವರ್ ನೀರು ಬಿಡಲು ಹೊರಟರೆ ತಡೆಯಿರಿ. ಪ್ಲಾಂಟಿನವರು ಹೇಳಿದಷ್ಟು ಅಡ್ಮಿಕ್ಸ್ಚರ್ (ಬೆರೆಸುವ ರಾಸಾಯನಿಕ) ಮಾತ್ರ ಹಾಕಬಹುದು. ಒಂದು ಸ್ಲ್ಯಾಬಿಗೆ 55 ಘನ ಮೀಟರ್ ಬಿದ್ದರೆ ಐಎಸ್ 456ರಂತೆ ಐದು ಸ್ಯಾಂಪಲ್, ಪ್ರತಿಯೊಂದಕ್ಕೆ 28 ದಿನಕ್ಕೆ ಮೂರು ಕ್ಯೂಬು (ಪರೀಕ್ಷೆಗೆ ಅಚ್ಚು ಹಾಕಿದ ಕಾಂಕ್ರೀಟಿನ ಘನಾಕೃತಿ), 7 ದಿನಕ್ಕೂ ಮೂರು ತೆಗೆದರೆ ಒಟ್ಟು 30. ಮೊದಲ ಲಾರಿಯಿಂದಲೇ ಎಲ್ಲ ತುಂಬಿಸಿ ಮುಗಿಸುವ ಚಾಳಿ ಇದೆ, ಬೇರೆ ಬೇರೆ ಲಾರಿಗಳಿಂದ ತೆಗೆಸಿ. ಮೂರು ಪದರ, ಪದರಕ್ಕೆ 35 ಪೆಟ್ಟು. ಮಾರನೇ ದಿನ ಅಚ್ಚಿನಿಂದ ಬಿಚ್ಚಿ ನೀರಿನ ತೊಟ್ಟಿಗೆ.

ಏಳು ದಿನಕ್ಕೆ ಗ್ರೇಡಿನ ಮೂರನೇ ಎರಡು ಭಾಗ ಬಂದಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಮೂರು ಕ್ಯೂಬುಗಳಲ್ಲಿ ಒಂದು ಸರಾಸರಿಯಿಂದ ಶೇ. 15ಕ್ಕಿಂತ ಆಚೆ ಹೋದರೆ ಆ ಸ್ಯಾಂಪಲ್ ಲೆಕ್ಕಕ್ಕಿಲ್ಲ. ಎಂ25ರಲ್ಲಿ 28 ದಿನದ ಫಲಿತಾಂಶ 22ಕ್ಕಿಂತ ಕೆಳಗೆ ಬಂದರೆ ಆ ಲಾರಿಯ ಕಾಂಕ್ರೀಟು ಎಲ್ಲಿ ಬಿತ್ತು ಎಂಬ ಪ್ರಶ್ನೆ ಏಳುತ್ತದೆ. ಲಾರಿ ನಂಬರು, ಗ್ರಿಡ್ ನಂಬರು ಅಂದೇ ಬರೆದಿಟ್ಟಿದ್ದರೆ ಮಾತ್ರ ಉತ್ತರ ಸಿಗುತ್ತದೆ. ಅಲ್ಲಿಂದ ಮೂರು ಕೋರ್ (ಕೊರೆದು ತೆಗೆಯುವ ಉರುಳೆಯಾಕಾರದ ತುಂಡು) ತೆಗೆಸಬೇಕು: ಸರಾಸರಿ ಗ್ರೇಡಿನ ಶೇ. 85, ಯಾವೊಂದೂ ಶೇ. 75ಕ್ಕಿಂತ ಕಡಿಮೆಯಿಲ್ಲದಿದ್ದರೆ ಒಪ್ಪಿಗೆ. ಕೋರ್ ಕೊರೆಯುವ ಜಾಗವನ್ನು ಗುತ್ತಿಗೆದಾರರಿಗೆ ಬಿಡದೆ ನೀವೇ ಗುರುತಿಸಿ, ಕಂಬಿ ತುಂಡಾಗದಂತೆ ಮೊದಲು ರಿಬಾರ್ ಲೊಕೇಟರ್ ಓಡಿಸಿ ನೋಡಿ.