ಎಫ್‌ಎಸ್‌ಇಗೆ ಪೇಪರ್ ಕಳಿಸುತ್ತೀರಾ? ಮೊದಲು ನಿಮ್ಮ ಹೆಸರು ಅಳಿಸಿ

ಸಾಫ್ಟ್‌ವೇರ್ ಎಂಜಿನಿಯರಿಂಗ್‌ನ ಬುನಾದಿ ವಿಷಯಗಳಿಗೆ ಮೀಸಲಾದ, ಎಸಿಎಂ (ಕಂಪ್ಯೂಟರ್ ತಜ್ಞರ ಅಂತರರಾಷ್ಟ್ರೀಯ ಸಂಘ) ನಡೆಸುವ ಸಮ್ಮೇಳನ ಎಫ್‌ಎಸ್‌ಇ. ಮೊದಲು ಇಎಸ್‌ಇಸಿ/ಎಫ್‌ಎಸ್‌ಇ ಎಂಬ ಜೋಡಿ ಹೆಸರಿತ್ತು, 2024ರಿಂದ ಬರೀ ಎಫ್‌ಎಸ್‌ಇ. ಇಲ್ಲಿ ಆಯ್ಕೆಯಾದ ಸಂಶೋಧನಾ ಪೇಪರ್‌ಗಳು ಈಗ ಪಿಎಸಿಎಂಎಸ್‌ಇ ಎಂಬ ಜರ್ನಲ್‌ನಲ್ಲಿ ಬರುತ್ತವೆ. ಇಲ್ಲಿಗೆ ಲೇಖಕರ ಹೆಸರು ಮುಚ್ಚಿಯೇ ಪೇಪರ್ ಕಳಿಸಬೇಕು. ಒಳ್ಳೆಯ ಕೆಲಸ ಮಾಡಿಯೂ ಎಲ್ಲೋ ಹೆಸರು ಸೋರಿ ರಿವ್ಯೂಗೂ (ತಜ್ಞರ ಪರಿಶೀಲನೆಗೂ) ಹೋಗದೆ ವಾಪಸ್ ಬಂದ ಪೇಪರ್‌ಗಳನ್ನು ನೋಡಿದ್ದೇನೆ. ಅದಕ್ಕೇ ಈ ಲೇಖನ.

ಹಂತ 1: ಪೇಪರ್ ಆಹ್ವಾನಿಸುವ ಪ್ರಕಟಣೆಯನ್ನು ಪೂರ್ತಿ ಓದಿ. ಸಂಶೋಧನೆ, ಉದ್ಯಮದ ಅನುಭವ, ಟೂಲ್ ಡೆಮೊ, ಹೊಸ ಯೋಚನೆ ಎಲ್ಲಕ್ಕೂ ಬೇರೆ ಬೇರೆ ಟ್ರ್ಯಾಕ್ (ವಿಭಾಗ). ಮುಂದಿನದೆಲ್ಲ ಸಂಶೋಧನಾ ಟ್ರ್ಯಾಕ್‌ನ ಮಾತು.

ಹಂತ 2: ಎಸಿಎಂನ ಲೇಟೆಕ್ (ಪೇಪರ್ ಪುಟಗಳನ್ನು ಜೋಡಿಸುವ ಸಾಫ್ಟ್‌ವೇರ್) ಟೆಂಪ್ಲೇಟ್ ತೆಗೆದುಕೊಳ್ಳಿ. ಬೇಕಾದದ್ದು ಒಂದೇ ಕಾಲಮ್ಮಿನ 'ಎಸಿಎಂಸ್ಮಾಲ್' ಶೈಲಿ. 2025ರಲ್ಲಿ ಮಿತಿ 18 ಪುಟ, ಪರಾಮರ್ಶನ ಪಟ್ಟಿಗೆ ಬೇರೆ 4 ಪುಟ. ನೀವು ಕಳಿಸುವ ವರ್ಷದ ಲೆಕ್ಕ ನೋಡಿಕೊಳ್ಳಿ. ಹಳೆಯ ಎರಡು ಕಾಲಮ್ಮಿನ ಫೈಲಿನಲ್ಲೇ ಬರೆದು, ಕೊನೇ ದಿನ ಬದಲಿಸಿದರಾಯಿತು ಅಂದುಕೊಳ್ಳಬೇಡಿ. ಟೇಬಲ್‌ಗಳೆಲ್ಲ ಚೆಲ್ಲಾಪಿಲ್ಲಿಯಾಗುತ್ತವೆ. ಪುಟ ಮೀರಿದಾಗ ಸಾಲುಗಳ ನಡುವಿನ ಜಾಗ ಹಿಂಡುವ ಚಾಳಿ ನನಗೆ ಸುತರಾಂ ಇಷ್ಟವಿಲ್ಲ. ಒಂದು ಪ್ಯಾರಾ ಕತ್ತರಿಸಿ, ಪೇಪರ್‌ಗೂ ಒಳ್ಳೆಯದು.

ಹಂತ 3: ಹೆಸರು ಮುಚ್ಚುವುದು. ಎಲ್ಲರೂ ಎಡವುವುದು ಇಲ್ಲೇ. ನೀವು ಯಾರೆಂದು ರಿವ್ಯೂವರ್‌ಗೆ ಗೊತ್ತಾಗಬಾರದು, ಅವರು ಯಾರೆಂದು ನಿಮಗೂ ಗೊತ್ತಾಗುವುದಿಲ್ಲ.

ಟೆಂಪ್ಲೇಟ್‌ನ ಮೊದಲ ಸಾಲಿನಲ್ಲಿ 'ರಿವ್ಯೂ', 'ಆನಾನಿಮಸ್' ಎರಡೂ ಆಯ್ಕೆ ಹಾಕಿ. ಲೇಖಕರ ಹೆಸರು ತಾನಾಗಿ ಮಾಯವಾಗುತ್ತದೆ. ಕೃತಜ್ಞತೆಯ ಭಾಗ ಮಾತ್ರ ಹುಷಾರು. ಅದನ್ನು ಟೆಂಪ್ಲೇಟ್‌ನದೇ 'ಆ್ಯಕ್ಸ್' ಬ್ಲಾಕ್‌ನಲ್ಲಿ ಬರೆದಿದ್ದರೆ ಮರೆಯಾಗುತ್ತದೆ. ಸುಮ್ನೆ ಒಂದು ಸೆಕ್ಷನ್ ಮಾಡಿ ಬರೆದಿದ್ದರೆ ಗೈಡ್ ಹೆಸರು, ಅನುದಾನದ ನಂಬರ್ ಎಲ್ಲ ರಾಜಾರೋಷವಾಗಿ ಕೂತಿರುತ್ತವೆ.

ನಿಮ್ಮ ಹಳೆಯ ಪೇಪರ್ ಬಗ್ಗೆ ಬೇರೆಯವರದ್ದು ಎಂಬಂತೆ ಬರೆಯಿರಿ. "ನಾವು ಹಿಂದೆ ತೋರಿಸಿದಂತೆ" ಬೇಡ, "ಇಂಥವರು ತೋರಿಸಿದಂತೆ" ಸಾಕು. ಪರಾಮರ್ಶನದಿಂದ ಅದನ್ನು ಪೂರ್ತಿ ಕಿತ್ತುಹಾಕುವುದೂ ತಪ್ಪು. ಅದೇ ವಿಷಯದ ಮುಖ್ಯ ಪೇಪರ್ ಪಟ್ಟಿಯಲ್ಲೇ ಇಲ್ಲ ಅಂದರೆ ಬರೆದವರು ಯಾರೆಂದು ಯಾರಾದರೂ ಊಹಿಸುತ್ತಾರೆ ಅಲ್ವಾ?

ಪೇಪರ್‌ಗಿಂತ ಜಾಸ್ತಿ ಸೋರುವುದು ಅದರ ಜೊತೆ ಕಳಿಸುವ ಕೋಡ್. ಜಿಪ್ ಫೈಲಿನೊಳಗೆ ಕೋಡ್‌ನ ಬದಲಾವಣೆಗಳ ಇತಿಹಾಸ ಇಡುವ 'ಡಾಟ್ ಗಿಟ್' ಫೋಲ್ಡರ್ ಉಳಿದಿದ್ದರೆ ಪ್ರತಿ ಕಮಿಟ್ (ದಾಖಲಾದ ಬದಲಾವಣೆ) ಜೊತೆ ಹೆಸರೂ ಇಮೇಲೂ ಹೋಗುತ್ತವೆ. ಲಾಗ್ ಫೈಲುಗಳಲ್ಲಿ, ಕೋಡೂ ಫಲಿತಾಂಶವೂ ಒಟ್ಟಿಗಿರುವ ಜುಪಿಟರ್ ನೋಟ್‌ಬುಕ್‌ನ ಔಟ್‌ಪುಟ್‌ನಲ್ಲಿ ನಿಮ್ಮ ಹೋಮ್ ಫೋಲ್ಡರ್‌ನ ದಾರಿ ಇರುತ್ತದೆ, ಅದರಲ್ಲಿ ಯೂಸರ್‌ನೇಮ್. ಡಾಕರ್ ಇಮೇಜ್ (ಪ್ರೋಗ್ರಾಂ ಓಡಲು ಬೇಕಾದ್ದೆಲ್ಲ ತುಂಬಿದ ಪೊಟ್ಟಣ), ಲೈಸೆನ್ಸ್ ಫೈಲು, ಸರ್ವರ್ ವಿಳಾಸ ಇವನ್ನೂ ಬಿಡಬೇಡಿ. ನಿಮ್ಮ ಹೆಸರು, ಯೂಸರ್‌ನೇಮ್, ಸಂಸ್ಥೆಯ ಹೆಸರುಗಳನ್ನು ಕೊಟ್ಟು ಇಡೀ ಫೋಲ್ಡರ್ ಮೇಲೆ 'ಗ್ರೆಪ್' (ಫೈಲುಗಳಲ್ಲಿ ಪದ ಹುಡುಕುವ ಕಮಾಂಡ್) ಓಡಿಸಿ. ಜಿಪ್ ಬಿಚ್ಚಿ ಹೊಸ ಜಾಗದಲ್ಲಿ ಇನ್ನೊಮ್ಮೆ ಓಡಿಸಿ.

ಕೋಡ್‌ನ ಕೊಂಡಿಯನ್ನು ಹೆಸರು ಮುಚ್ಚಿ ಕೊಡಲು ಆನಾನಿಮಸ್ ಗಿಟ್‌ಹಬ್ ಎಂಬ ಸುಲಭದ ದಾರಿ ಇದೆ. ಆದರೆ ನೀವು ಪಟ್ಟಿ ಮಾಡಿಕೊಟ್ಟ ಪದಗಳನ್ನಷ್ಟೇ ಅದು ಮುಚ್ಚುತ್ತದೆ, ಸ್ಕ್ರೀನ್‌ಶಾಟ್‌ನಲ್ಲಿರುವ ಹೆಸರು ಹಾಗೇ ಇರುತ್ತದೆ. ಸಂಶೋಧನೆಯ ಡೇಟಾ, ಕೋಡ್ ಇಡುವ ಜಾಲತಾಣ ಝೆನೋಡೊದಲ್ಲಿ ಹಾಕುವುದಾದರೆ ಲೇಖಕರ ಜಾಗದಲ್ಲಿ ಅನಾಮಿಕ ಎಂದು ತುಂಬಿ. ಪ್ರಕಟಿಸುವ ಮುಂಚೆಯೇ ಸರಿಯಾಗಿ ನೋಡಿ, ಆಮೇಲೆ ಹೊಸ ಆವೃತ್ತಿ ಮಾಡಿದರೂ ಹಳೆಯದು ಅಲ್ಲೇ ಉಳಿಯುತ್ತದೆ. ಸ್ವಂತ ಗೂಗಲ್ ಡ್ರೈವ್ ಲಿಂಕ್ ಮಾತ್ರ ಖಂಡಿತ ಬೇಡ.

ಪಿಡಿಎಫ್‌ನ ಮೆಟಾಡೇಟಾ (ಫೈಲಿನೊಳಗೆ ಅಡಗಿರುವ ಲೇಖಕರ ಹೆಸರಿನಂಥ ವಿವರ) ಕೂಡ ತೆರೆದು ನೋಡಿ. ರಿವ್ಯೂಗೆ ಮುಂಚೆಯೇ ಪೇಪರ್ ಹಾಕಬಹುದಾದ ಆರ್‌ಕೈವ್ ಜಾಲತಾಣದಲ್ಲಿ ಮುನ್ನವೇ ಹಾಕಿದ್ದರೆ, ಎಫ್‌ಎಸ್‌ಇಗೆ ಕಳಿಸಿದ್ದೇವೆ ಎಂದು ಅಲ್ಲಿ ಬರೆಯಬೇಡಿ. ಶೀರ್ಷಿಕೆಯೂ ಬೇರೆ ಇರಲಿ.

ಹಂತ 4: ಉಪಸಂಹಾರದ ನಂತರ ಡೇಟಾ ಎಲ್ಲಿ ಸಿಗುತ್ತದೆ ಎಂಬ ಭಾಗ ಬರೆಯಿರಿ. ಕೊಡಲಾಗದಿದ್ದರೆ ಕಾರಣ ಹೇಳಿ. "ಪೇಪರ್ ಆಯ್ಕೆಯಾದರೆ ಕೊಡುತ್ತೇವೆ" ಎಂಬ ಸಾಲು ಓದಿದರೆ ನನಗಂತೂ ಅನುಮಾನ ಬರುತ್ತದೆ.

ಹಂತ 5: ಹಾಟ್‌ಸಿಆರ್‌ಪಿ ಜಾಲತಾಣದಲ್ಲಿ ಸಬ್ಮಿಟ್ ಮಾಡಿ. ಹಿತಾಸಕ್ತಿ ಸಂಘರ್ಷದ (ನಂಟಿನ ಕಾರಣಕ್ಕೆ ನಿಮ್ಮ ಪೇಪರ್ ರಿವ್ಯೂ ಮಾಡಬಾರದವರ) ಪಟ್ಟಿಯನ್ನು ಒಬ್ಬರೇ ತುಂಬಬೇಡಿ. ಸಹಲೇಖಕರ ಗೈಡ್ ಯಾರು, ಈಚೆಗೆ ಯಾರ ಜೊತೆ ಬರೆದಿದ್ದಾರೆ ಎಂಬುದು ಅವರಿಗೇ ಗೊತ್ತು. ಡೆಡ್‌ಲೈನ್ 'ಎಒಇ' ಸಮಯದಲ್ಲಿರುತ್ತದೆ, ಅಂದರೆ ಯುಟಿಸಿಗಿಂತ (ಜಾಗತಿಕ ಪ್ರಮಾಣ ಸಮಯಕ್ಕಿಂತ) 12 ಗಂಟೆ ಹಿಂದೆ. ಹಾಗೆಂದು ಆ ಕೊನೇ ಗಂಟೆಯನ್ನು ನೆಚ್ಚಿಕೊಳ್ಳಬೇಡಿ. ಹಿಂದಿನ ದಿನವೇ ಒಂದು ಪ್ರತಿ ಹಾಕಿಡಿ, ಗಡುವಿನ ತನಕ ಬದಲಿಸಬಹುದು.

ಹಂತ 6: ಉತ್ತರ ಮೂರು ಥರ ಬರಬಹುದು: ಆಯ್ಕೆ, ತಿರಸ್ಕಾರ, ಇಲ್ಲವೇ ದೊಡ್ಡ ತಿದ್ದುಪಡಿ. ತಿದ್ದುಪಡಿ ಬಂದರೆ ರಿವ್ಯೂವರ್ ಕೇಳಿದ ಒಂದೊಂದಕ್ಕೂ ಎಲ್ಲಿ ಏನು ಬದಲಿಸಿದಿರಿ ಎಂದು ಪುಟ ಸಮೇತ ಬರೆದು ಜೊತೆಗಿಡಿ. ಆಗಲೂ ಹೆಸರು ಮುಚ್ಚಿಯೇ ಇರಬೇಕು. ಹೊಸದಾಗಿ ಸೇರಿಸಿದ ಕೋಡ್ ಮೇಲೆ ಮತ್ತೆ ಗ್ರೆಪ್ ಓಡಿಸಿ.